ಬೆಟ್ಟದ ಲೆಕ್ಕ ಬರೆದವರು

1997ರ ಆಗಸ್ಟ್ 15ರಂದು ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿತು. ಜಗಳೂರು ಚಿತ್ರದುರ್ಗದಿಂದ ಬಂತು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಿಂದ ಬಂದವು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲೇ ಇತ್ತು. ಮುಖ್ಯಮಂತ್ರಿ ಆಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಅದೇ ಏಟಿಗೆ ಅವರು ಮೈಸೂರಿನಿಂದ ಬೇರ್ಪಡಿಸಿ ಕಟ್ಟಿದ ಇನ್ನೊಂದು ಜಿಲ್ಲೆ ಚಾಮರಾಜನಗರ. ನಾವು ಎರಡೂ ಜಿಲ್ಲೆಯವರು ಓರಗೆಯವರು ಅನ್ನುವುದು ಈ ಕಡೆ ಬಹಳ ಜನಕ್ಕೆ ನೆನಪಿಲ್ಲ.

ನಮ್ಮ ಸೀಮೆಯ ಕಾಡು ಮತ್ತು ಕಾಡಿನ ಜನರ ಬಗ್ಗೆ ಈ ಸಂಚಿಕೆಗೆ ಒಂದು ಲೇಖನ ಬೇಕು ಅಂದಾಗ ನಾನು ಅದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ದಾರಿ ಹಿಡಿದದ್ದಕ್ಕೆ ಕಾರಣವಿದೆ. ಬುಡಕಟ್ಟಿನವರನ್ನು ಕಾಡಿನ ರಕ್ಷಣೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು ಎಂಬ ಮಾತು ಈಗ ಎಲ್ಲ ಭಾಷಣದಲ್ಲೂ ಬರುತ್ತದೆ. ಆ ಮಾತು ಸಂಘವಾಗಿ, ತೂಕದ ಚೀಟಿಯಾಗಿ, ನಕ್ಷೆಯಾಗಿ, ಕೊನೆಗೆ ಸರ್ಕಾರದ ಮೊಹರು ಬಿದ್ದ ಹಕ್ಕುಪತ್ರವಾಗಿ ನಡೆದು ಬಂದ ಚರಿತ್ರೆ ಕರ್ನಾಟಕದಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದು ಅಲ್ಲೇ. ಆ ಚರಿತ್ರೆಯನ್ನು ನಾನು ಓದಿಕೊಂಡಿರುವುದು ಒಂದೇ ಪ್ರಶ್ನೆ ಹಿಡಿದು: ಕಾಡಿನ ಲೆಕ್ಕ ಬರೆಯುವ ಪುಸ್ತಕ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು?

ಬೆಟ್ಟದ ದೇವರು ಬಿಳಿಗಿರಿರಂಗ ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಗೆ ಭಾವ. ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ದೇವರ ಜೊತೆ ಅವರದು ಸಲಿಗೆ. ಬೇಕಾದರೆ ಬೈಯುತ್ತಾರೆ, ರೇಗಿಸುತ್ತಾರೆ. ಕಾಡಿನ ಜೊತೆಗೂ ಇಂಥದೇ ನೆಂಟಸ್ತನ. ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ, ನೀರಿನ ಅಬ್ಬಿ ಹೀಗೆ ಐದು ಬಗೆಯ ಪೂಜೆಯ ಜಾಗಗಳಿರುತ್ತವೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವನ್ನು ಪ್ರವಾಸಿಗರು ಫೋಟೋ ತೆಗೆದುಕೊಂಡು ಬರುತ್ತಾರೆ. ಸೋಲಿಗರಿಗೆ ಅದು ಗುಡಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಬೇಟೆ ನಿಂತಿತು, ಅದು ನಿಲ್ಲಬೇಕಾದದ್ದೇ. ಕಾಡು ಸುಟ್ಟು ರಾಗಿ ಚೆಲ್ಲಿ ಒಂದೆರಡು ವರ್ಷಕ್ಕೆ ಜಾಗ ಬದಲಿಸುವ ಬೇಸಾಯವೂ ನಿಂತಿತು. ಒಳಕಾಡಿನಲ್ಲಿ ಚೆದುರಿದ್ದ ಜನ ರಸ್ತೆಬದಿಯ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಬಂದು ಕೂತರು. ವನ್ಯಧಾಮದ ಆದೇಶದ ಕಡತದಲ್ಲಿ ಮರದ ಲೆಕ್ಕ, ಆನೆಯ ಲೆಕ್ಕ, ಗಡಿಕಲ್ಲಿನ ಲೆಕ್ಕ ಎಲ್ಲಾ ಅರಣ್ಯ ಇಲಾಖೆಯವರೇ ಬರೆದದ್ದು. ಎಲ್ಲೆ ಅನ್ನುವ ಪದ ಅದರಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಡಾ. ಎಚ್. ಸುದರ್ಶನ್ ಬೆಟ್ಟ ಹತ್ತಿದ್ದು ಕಾಡು ಉಳಿಸಲಿಕ್ಕಲ್ಲ, ವೈದ್ಯ ಮಾಡಲಿಕ್ಕೆ. ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಲ್ಲಿ ಶುರುವಾಯಿತು. ಆಸ್ಪತ್ರೆ, ಆಮೇಲೆ ಶಾಲೆ, ಆಮೇಲೆ ಕಸುಬು ಕಲಿಸುವ ಕೊಠಡಿಗಳು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ರಾಜ್ಯದ ಪತ್ರಿಕೆಗಳು ಆಸ್ಪತ್ರೆಯ ಕಥೆಯನ್ನೇ ದೊಡ್ಡದಾಗಿ ಬರೆದವು. ನನ್ನ ಕಣ್ಣಿಗೆ ಈ ಲೇಖನದ ಮಟ್ಟಿಗೆ ಮುಖ್ಯವಾಗಿ ಕಾಣುವುದು ಆ ಶಾಲೆ. ಇಪ್ಪತ್ತು ವರ್ಷದ ನಂತರ ಕಾಡಿನ ಹಕ್ಕಿನ ಅರ್ಜಿಯನ್ನು ಕಾಯ್ದೆಯ ಕಲಮಿನ ಸಮೇತ ತಾವೇ ಬರೆಯಬಲ್ಲ ಸೋಲಿಗರು ಬೇಕಾದರು, ಮತ್ತು ಅವರು ಇದ್ದರು. ಬೆಟ್ಟದಲ್ಲೇ ಓದಿ ಮುಂದೆ ಡಾಕ್ಟರೇಟ್ ಮಾಡಿದ ಡಾ. ಸಿ. ಮಾದೇಗೌಡರಂಥವರು ಸೋಲಿಗ ಅಭಿವೃದ್ಧಿ ಸಂಘದ ಕೆಲಸಕ್ಕೆ ನಿಂತದ್ದು ಹೀಗೆ. ಪರರು ಕಟ್ಟಿದ ಸಂಸ್ಥೆಯೊಂದು ಮಾಡಬಹುದಾದ ಅತ್ಯುತ್ತಮ ಕೆಲಸ ತನ್ನ ಜೊತೆ ವಾದ ಮಾಡಬಲ್ಲವರನ್ನು ತಯಾರು ಮಾಡುವುದು.

ಇದರ ಜೊತೆಜೊತೆಗೆ ಬೆಳೆದದ್ದು ಲ್ಯಾಂಪ್ಸ್, ಅಂದರೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘ. ಅದಕ್ಕೂ ಮುಂಚೆ ಕಾಡಿನ ಹುಟ್ಟುವಳಿ ಗುತ್ತಿಗೆದಾರನ ಪಾಲಾಗಿತ್ತು. ಅವನು ಹೇಳಿದ್ದೇ ದರ, ಅವನ ತಕ್ಕಡಿಯದೇ ತೂಕ. ಸಂಘ ಬಂದಮೇಲೆ ನೆಲ್ಲಿ, ಜೇನು, ಸೀಗೆ, ಅಂಟುವಾಳ, ಅಳಲೆ, ಮಾಗಳಿ ಬೇರು, ಪಾಚಿ ಎಲ್ಲಾ ಸಂಘದ ತಕ್ಕಡಿಗೆ ಬಂದು ಚೀಟಿಯಾಯಿತು. ಸಂಘ ಹರಾಜು ಹಾಕಿ ವ್ಯಾಪಾರಿಗೆ ಮಾರುತ್ತಿತ್ತು. ಸೋಲಿಗರ ಒಟ್ಟು ಆದಾಯದಲ್ಲಿ ಅರ್ಧದಷ್ಟು ಈ ಕಿರು ಉತ್ಪನ್ನಗಳಿಂದಲೇ ಬರುತ್ತಿತ್ತು ಎಂದು 90ರ ದಶಕದ ಅಧ್ಯಯನವೊಂದು ತೋರಿಸಿತು. ಸಹಕಾರ ಸಂಘಗಳ ದೋಷ ನಮ್ಮ ಹೊನ್ನಾಳಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವೆಲ್ಲಾ ಅಲ್ಲೂ ಇದ್ದವು. ಕಾರ್ಯದರ್ಶಿ ಸರ್ಕಾರದವನು, ದರ ತೀರ್ಮಾನ ಆಗುತ್ತಿದ್ದದ್ದು ಬೇರೆ ಕಡೆ. ಆದರೂ ಕಾಡಿನಿಂದ ಎಷ್ಟು ಹೊರಬಂತು ಅನ್ನುವ ಬರಹದ ಲೆಕ್ಕ ಸೋಲಿಗರ ಹೆಸರಿನ ಸಂಘದಲ್ಲಿ ಮೊದಲಬಾರಿಗೆ ಉಳಿಯಿತು.

ಎಷ್ಟು ಹೊರಬಂತು ಅನ್ನುವುದು ಒಂದು ಲೆಕ್ಕವಾದರೆ, ಎಷ್ಟು ಒಳಗೆ ಉಳಿಯಿತು ಅನ್ನುವುದು ಇನ್ನೊಂದು. ಎರಡನೆಯದಕ್ಕೆ 90ರ ದಶಕದಲ್ಲಿ ವಿಜ್ಞಾನಿ ಕಮಲ್‌ಜಿತ್ ಬಾವಾ ಮತ್ತು ಜೊತೆಗಾರರು ಕೈ ಹಾಕಿದರು. ಬಾವಾ ಅವರು 1996ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಏಟ್ರೀ ಸಂಸ್ಥೆ ಬೆಟ್ಟದಲ್ಲೇ ಬೀಡುಬಿಟ್ಟಿತು. ಇಲ್ಲಿ ನೆಲ್ಲಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೆಟ್ಟದಲ್ಲಿ ಎರಡು ಜಾತಿಯ ನೆಲ್ಲಿ ಇದೆ, ಸೋಲಿಗರು ದೂರದಿಂದಲೇ ಬೇರೆ ಮಾಡಿ ಹೇಳುತ್ತಾರೆ. ಚಳಿಗಾಲದ ಕೊಯ್ಲಿಗೆ ಮುಂಚೆ ಕೊಯ್ಯುವವರೇ ಕೂತು ಯಾವ ಜಾಗದಲ್ಲಿ ಈ ಸಲ ಎಷ್ಟು ಕಾಯಿ ಹಿಡಿದಿದೆ ಎಂದು ಅಂದಾಜು ಕಟ್ಟುವುದು. ಕೊಯ್ದಮೇಲೆ ತೂಕದ ಚೀಟಿಯ ಜೊತೆ ಹೋಲಿಸುವುದು. ಮರದಡಿ ಸಸಿ ಎಷ್ಟು ಎದ್ದಿದೆ, ಕೊಂಬೆ ಕಡಿದವರೆಷ್ಟು, ಕೈಯಲ್ಲಿ ಬಿಡಿಸಿದವರೆಷ್ಟು ಎಂದು ಗುರುತು ಹಾಕುವುದು. ವಿಜ್ಞಾನಿಗಳು ತಮ್ಮ ತುಂಡುಜಾಗಗಳಲ್ಲಿ ಬೇರೆಯಾಗಿ ಎಣಿಸುತ್ತಿದ್ದರು. ಈ ಎರಡು ಲೆಕ್ಕ ಎದುರು ಬದುರು ಕೂತದ್ದೇ ನಿಜವಾದ ಪಾಲುದಾರಿಕೆಯ ಆರಂಭ ಎಂದು ನಾನು ತಿಳಿದಿದ್ದೇನೆ. ಆಸ್ಪತ್ರೆಯಲ್ಲಿ ಸೋಲಿಗ ರೋಗಿ, ಶಾಲೆಯಲ್ಲಿ ವಿದ್ಯಾರ್ಥಿ, ಲ್ಯಾಂಪ್ಸಿನಲ್ಲಿ ಸದಸ್ಯ. ನೆಲ್ಲಿ ಮರದ ಕೆಳಗೆ ಮಾತ್ರ ಅವನು ತಿಳಿದವನು.

ತಿಳಿದವರು ಸುಮ್ಮನಿರಲಿಲ್ಲ. ನೆಲ್ಲಿಗೆ ಬಂದಳಿಕೆ ಹತ್ತಿ ಮರ ಒಣಗುತ್ತಿತ್ತು. ಅತಿಯಾಗಿ ಕೊಯ್ಯುವುದೇ ಕಾಡು ಕೆಡಲು ಕಾರಣ ಎಂಬ ಗುಮಾನಿ ಹೊರಗಿನವರದು. ಸೋಲಿಗರ ಹಿರಿಯರು ಹೇಳಿದ್ದು ಬೇರೆ: ಬೆಂಕಿ ನಿಲ್ಲಿಸಿದಿರಿ, ಅದಕ್ಕೆ ಬಂದಳಿಕೆ ಹೆಚ್ಚಿತು, ಲಂಟಾನದ ಕಳೆಯೂ ಹೆಚ್ಚಿತು. ಅವರು ಹೇಳುತ್ತಿದ್ದದ್ದು ತರಗು ಬೆಂಕಿ. ಜನವರಿ, ಫೆಬ್ರವರಿಯಲ್ಲಿ, ನೆಲದಲ್ಲಿ ಇನ್ನೂ ಇಬ್ಬನಿಯ ತೇವ ಇರುವಾಗ, ಉದುರಿದ ಎಲೆಗೆ ಕೊಡುವ ಕಿರುಬೆಂಕಿ. ಮೊಣಕಾಲೆತ್ತರಕ್ಕೆ ಏಳದೆ ತೆವಳಿಕೊಂಡು ಹೋಗುತ್ತದೆ, ದೊಡ್ಡ ಮರದ ತೊಗಟೆ ಕರಕಲಾಗದು. ಬೇಸಗೆ ನಡುವೆ ಆಕಸ್ಮಿಕ ಕಿಡಿ ಬಿದ್ದರೂ ಸುಡಲಿಕ್ಕೆ ತರಗು ಉಳಿದಿರುವುದಿಲ್ಲ. ಮಳೆ ಬಿದ್ದೊಡನೆ ಎಳೆ ಹುಲ್ಲು, ಹುಲ್ಲಿಗೆ ಕಡವೆ, ಜಿಂಕೆ. 1974ರ ನಂತರ ಕಡ್ಡಿ ಗೀರಿದವನ ಮೇಲೆ ಕೇಸು.

ಲಂಟಾನದ ಅಂಕಿ ಬೆಚ್ಚಿಬೀಳಿಸುವಂಥದು. ಬೆಟ್ಟದ ಉದ್ದಗಲಕ್ಕೆ ಗುರುತಿಸಿದ್ದ ಅಧ್ಯಯನದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು, 2008ಕ್ಕೆ 81ರಲ್ಲಿ. ಇಷ್ಟು ದಟ್ಟ ಪೊದೆಗೆ ಈಗ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯದು, ಮರದ ನೆತ್ತಿಗೇ ಏರುತ್ತದೆ. ಹಾಗಾಗಿ ಹಳೆಯ ರೂಢಿಯನ್ನು ಇದ್ದಕ್ಕಿದ್ದಂತೆ ವಾಪಸ್ ತರಲಿಕ್ಕೂ ಆಗದ ಸ್ಥಿತಿ. ಬಂದಳಿಕೆಯ ಕುರಿತ ಸೋಲಿಗರ ವಾದವನ್ನು ಸಂಶೋಧಕರು ಪರೀಕ್ಷೆಗೆ ಒಡ್ಡಿ 2010ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಹಿರಿಯರು ಹೇಳಿದ್ದೆಲ್ಲಾ ಸರಿ ಎಂದು ಕೈಮುಗಿಯುವುದೂ ಬೇಡ, ಅಜ್ಞಾನ ಎಂದು ಕಡೆಗಣಿಸುವುದೂ ಬೇಡ. ಅವರ ಮಾತು ಪರೀಕ್ಷೆಗೆ ಯೋಗ್ಯವಾದ ಮಾತು ಎಂದು ಒಪ್ಪಿಕೊಂಡದ್ದೇ ದೊಡ್ಡದು.

ಇಷ್ಟೆಲ್ಲಾ ಲೆಕ್ಕ ಕೂಡಿಬರುತ್ತಿದ್ದಾಗಲೇ ಕಾನೂನು ಬಾಗಿಲು ಹಾಕಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ವನ್ಯಧಾಮದೊಳಗಿನ ಉತ್ಪನ್ನವನ್ನು ಮಾರಾಟಕ್ಕೆ ತರುವಂತಿಲ್ಲ. 2006ರ ಹೊತ್ತಿಗೆ ಬೆಟ್ಟದಲ್ಲಿ ಸಂಗ್ರಹ ನಿಂತುಹೋಯಿತು. ಲ್ಯಾಂಪ್ಸಿನ ತಕ್ಕಡಿಗೆ ಕೆಲಸವಿಲ್ಲ, ನೆಲ್ಲಿಯ ಅಂದಾಜು ಪುಸ್ತಕಕ್ಕೆ ಮುಂದಿನ ಪುಟವಿಲ್ಲ. ಎಷ್ಟೋ ಮನೆಯವರು ಕೂಲಿ ಹುಡುಕಿ ಬೆಟ್ಟ ಇಳಿದರು. ಹತ್ತಾರು ವರ್ಷದ ಜಂಟಿ ದುಡಿಮೆ ಒಂದು ತಿದ್ದುಪಡಿಗೆ ಹೀಗೆ ಉದುರುವುದಾದರೆ ಅದನ್ನು ಪಾಲುದಾರಿಕೆ ಅನ್ನುವುದು ಹೇಗೆ? ಅದುವರೆಗೆ ನಡೆದದ್ದೆಲ್ಲಾ ಇಲಾಖೆಯ ಕೃಪೆಯಿಂದ. ಹಕ್ಕು ಯಾರಿಗೂ ಇರಲಿಲ್ಲ.

ವಿಚಿತ್ರವೆಂದರೆ ಅದೇ 2006ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯ್ದೆ ಮಾಡಿತು. 2008ರ ಜನವರಿಗೆ ನಿಯಮ ಬಂತು. ಕಿರು ಅರಣ್ಯ ಉತ್ಪನ್ನದ ಒಡೆತನ, ಮಾರುವ ಅಧಿಕಾರ, ಕಾಡನ್ನು ಕಾಯುವ ಮತ್ತು ನಿರ್ವಹಿಸುವ ಅಧಿಕಾರ ಗ್ರಾಮಸಭೆಗೆ. ಬೇಕಾದದ್ದು ರುಜುವಾತು. ಸೋಲಿಗರ ಹತ್ತಿರ ಪಹಣಿ ಇಲ್ಲ, ಕಂದಾಯದ ರಸೀದಿ ಇಲ್ಲ. ಇದ್ದದ್ದು ಎಲ್ಲೆಗಳು. ಹಿರಿಯರು ಮುಂದೆ, ಜಿಪಿಎಸ್ ಹಿಡಿದ ಹುಡುಗರು ಹಿಂದೆ; ಕಾಡಿನೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಒಂದೊಂದನ್ನೂ ಹುಡುಕಿ ನಕ್ಷೆಗೆ ಏರಿಸಿದರು. ಸೋಲಿಗ ಅಭಿವೃದ್ಧಿ ಸಂಘ, ಕಲ್ಯಾಣ ಕೇಂದ್ರ, ಏಟ್ರೀ ಮೂವರೂ ಸೇರಿ ಮಾಡಿದ ಕೆಲಸ ಇದು. ಇಲಾಖೆಯ ನಕ್ಷೆಯಲ್ಲಿ ಬೀಟು, ಬ್ಲಾಕು, ಕಂಪಾರ್ಟ್‌ಮೆಂಟಿನ ನಂಬರು ಇರುವ ಜಾಗದಲ್ಲಿ ಈ ನಕ್ಷೆಯಲ್ಲಿ ಹೆಸರುಗಳು. ಬೆಟ್ಟದ ಸಾಂಸ್ಥಿಕ ಚರಿತ್ರೆಯಲ್ಲಿ ಒಂದೇ ಒಂದು ಕಾಗದವನ್ನು ಗಾಜಿನ ಚೌಕಟ್ಟಿಗೆ ಹಾಕಬೇಕೆಂದರೆ ನಾನು ಪ್ರಶಸ್ತಿಪತ್ರ ಬಿಟ್ಟು ಇದನ್ನು ಹಾಕುತ್ತೇನೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಬೇರೆ ಹುಲಿ ಮೀಸಲುಗಳಿಂದ ಜನರನ್ನು ಎಬ್ಬಿಸಿದ ಸುದ್ದಿ ಗೊತ್ತಿದ್ದ ಪೋಡುಗಳಲ್ಲಿ ದಿಗಿಲು ಹುಟ್ಟಿತು, ಪ್ರತಿಭಟನೆಗಳಾದವು. ಅದೇ ವರ್ಷ ಗಾಂಧಿ ಜಯಂತಿಯ ದಿನ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನ ಒಳಗೆ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಸೋಲಿಗರು ಅಲ್ಲಿಗೆ ನಿಲ್ಲದೆ ಹುಲಿ ಸಂರಕ್ಷಣೆಗೆ ತಮ್ಮದೇ ಒಂದು ಯೋಜನೆಯನ್ನು ಬರೆದು ಮುಂದಿಟ್ಟರು: ಲಂಟಾನ ಕೀಳುವುದು ಹೇಗೆ, ಬೆಂಕಿಯ ವಿಷಯ ಏನು, ಕಾವಲು ಯಾರು.

ಬೆಟ್ಟದಲ್ಲಿ 2010ರಲ್ಲಿ 35 ಎಂದಿದ್ದ ಹುಲಿಯ ಸಂಖ್ಯೆ 2014ಕ್ಕೆ 68 ಎಂದು ವರದಿಯಾಯಿತು. ಇದನ್ನು ಹಿಡಿದು ಸೋಲಿಗರು ಇದ್ದದ್ದಕ್ಕೇ ಹುಲಿ ಇಮ್ಮಡಿಯಾಯಿತು ಎಂದು ಕೆಲವರು ಬರೆದರು. ಅಷ್ಟು ನೇರವಾಗಿ ನಾನು ಹೇಳಲಾರೆ. ಎಣಿಸುವ ವಿಧಾನ ಬದಲಾಗುತ್ತದೆ, ಬಂಡೀಪುರ, ಸತ್ಯಮಂಗಲದ ಕಾಡು ಪಕ್ಕದಲ್ಲೇ ಇದೆ, ಹುಲಿಗೆ ಗಡಿ ಇಲ್ಲ. ಜನ ಇದ್ದರೆ ಹುಲಿ ಉಳಿಯದು ಎಂಬ ವಾದವನ್ನು ಮಾತ್ರ ಈ ಬೆಟ್ಟದಲ್ಲಿ ಇನ್ನು ಯಾರೂ ಎತ್ತುವಂತಿಲ್ಲ.

ಜೇನಿನ ಮಾತಿಲ್ಲದೆ ಬೆಟ್ಟದ ಕಥೆ ಮುಗಿಯದು. ಹೆಜ್ಜೇನು ಕೀಳುವುದು ಬೆಳದಿಂಗಳಿಲ್ಲದ ರಾತ್ರಿಯಲ್ಲಿ. ಒಣಕಡ್ಡಿಗೆ ಹಸಿ ಸೊಪ್ಪು ಸುತ್ತಿ ಕಟ್ಟಿದ ಕೊಳ್ಳಿಯಿಂದ ತಟ್ಟಿನ ಅಂಚನ್ನು ಸವರಿದರೆ ಕಿಡಿಗಳು ಕೆಳಗೆ ಸುರಿಯುತ್ತವೆ, ಕಿಡಿಯ ಬೆನ್ನು ಹತ್ತಿ ಹುಳುಗಳು ಇಳಿಯುತ್ತವೆ. ಮೇಲೆ ಇರುವವನಿಗೂ ಕೆಳಗಿನವನಿಗೂ ನಡುವೆ ಹಾಡು ನಡೆಯುತ್ತಿರುತ್ತದೆ. ಮುಂದಿನ ವರ್ಷ ಅದೇ ಮರಕ್ಕೆ ಹುಳು ಬರಬೇಕು ಅನ್ನುವ ಲೆಕ್ಕದಲ್ಲಿ ಒಂದಷ್ಟು ಬಿಟ್ಟು ಇಳಿಯುತ್ತಾರೆ. ತುಡುವೆ, ಕಡ್ಡಿಜೇನು, ನಸರಿಜೇನಿಗೆ ಬೇರೆ ಬೇರೆ ಕ್ರಮ, ಬೇರೆ ಹೊತ್ತು. ಈ ಕೀಟವಿದ್ಯೆಗೆ ಒಂದು ಗೌರವ ತಡವಾಗಿ ಸಂದಿತು: 2022ರಲ್ಲಿ ಏಟ್ರೀಯ ಕೀಟತಜ್ಞರು ಬೆಟ್ಟದಲ್ಲಿ ಸಿಕ್ಕ ಹೊಸ ಕಣಜದ ಕುಲಕ್ಕೆ ಸೋಲಿಗ ಎಂದೇ ಹೆಸರಿಟ್ಟರು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬೆಟ್ಟದ ಜೇನು ಈಗ ಗ್ರಾಮಸಭೆಯ ಸ್ವತ್ತು. ಅದನ್ನು ಗೇಟು ದಾಟಿಸುವ ರಹದಾರಿ ಯಾರು ಕೊಡಬೇಕು ಅನ್ನುವ ಜಗ್ಗಾಟ ಹಕ್ಕುಪತ್ರದ ಜೊತೆಗೇ ಮುಗಿಯಲಿಲ್ಲ.

ಇನ್ನು ನಮ್ಮ ಸೀಮೆಗೆ. 2011 ನಮಗೂ ಮುಖ್ಯವಾದ ವರ್ಷ. ಅದೇ ವರ್ಷ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು ಕೊಂಡುಕುರಿ ವನ್ಯಧಾಮವಾಯಿತು. ಗಂಡಿಗೆ ನಾಲ್ಕು ಕೊಂಬಿರುವ, ನಾಯಿಗಿಂತ ಸ್ವಲ್ಪ ಎತ್ತರದ, ನಾಚಿಕೆಯ ಪ್ರಾಣಿ. ದಟ್ಟ ಕಾಡಿಗಿಂತ ನಮ್ಮಂಥ ಬಯಲುಸೀಮೆಯ ಒಣಗುಡ್ಡವೇ ಅದಕ್ಕೆ ಇಷ್ಟ. ಅದರ ಸುತ್ತಲಿನ ಸೀಮೆ ಮ್ಯಾಸನಾಯಕರ ಹಟ್ಟಿಗಳದು. ಅವರ ದೇವರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಯೊಬ್ಬ ವ್ರತದಂತೆ ಅವನ್ನು ಮೇಯಿಸಿಕೊಂಡು ಬರುತ್ತಾನೆ. ದೇಶಿ ತಳಿ ಉಳಿಸಿ ಎಂದು ಸರ್ಕಾರ ಜಾಹೀರಾತು ಕೊಡುವ ಮೊದಲೇ ತಳಿ ಉಳಿಸಿದವರು ಇವರು. ವನ್ಯಧಾಮ ಅಂದಮೇಲೆ ಮೇವಿನ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಬರೆಯುವಾಗ ಕಿಲಾರಿಯನ್ನು ಕರೆದು ಕೂರಿಸುವುದೋ, ದಂಡದ ರಸೀದಿ ಹರಿಯುವುದೋ ಎಂಬುದರ ಮೇಲೆ ಕೊಂಡುಕುರಿಯ ಭವಿಷ್ಯವೂ ನಿಂತಿದೆ. ಹಟ್ಟಿಯ ಜನರ ಕಣ್ಣು ತಪ್ಪಿಸಿ ಆ ಗುಡ್ಡದಲ್ಲಿ ಉರುಳು ಹಾಕಲು ಯಾರಿಗೂ ಆಗದು.

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದ ಹಕ್ಕಿಪಿಕ್ಕಿಯವರ ಸಂಗತಿ ಇನ್ನೂ ಬೇರೆ. ಮನೆಯಲ್ಲಿ ವಾಗ್ರಿ, ಹೊರಗೆ ಕನ್ನಡ. ಹಕ್ಕಿಯ ಕೂಗನ್ನು ಅದರ ಹಾಗೇ ಕೂಗಿ ಕರೆಯಬಲ್ಲವರು. 1972ರ ಕಾಯ್ದೆ ಅವರ ಕುಲಕಸುಬನ್ನೇ ಅಪರಾಧ ಮಾಡಿತು. ಬಲೆ ಬಿಡಿಸಿದ್ದು ಸರಿ. ಬಲೆಯ ಜೊತೆ ಆ ತಿಳಿವಳಿಕೆಯನ್ನೂ ಕಸಕ್ಕೆ ಹಾಕಿದ್ದು ತಪ್ಪು. ಸೂಳೆಕೆರೆಗೆ ಚಳಿಗಾಲದಲ್ಲಿ ಯಾವ ಹಕ್ಕಿ ಯಾವ ವಾರ ಇಳಿಯುತ್ತದೆ ಎಂದು ಎಣಿಸಲು ಹೊರಗಿನಿಂದ ಜನ ಬರುವ ಮೊದಲು ಇವರನ್ನು ಒಂದು ಮಾತು ಕೇಳಬಹುದಿತ್ತು. ಕಸುಬು ಹೋದಮೇಲೆ ಅವರು ಗಿಡಮೂಲಿಕೆಯ ಎಣ್ಣೆ ಹೊತ್ತು ದೇಶ ತಿರುಗಿದರು, ಆಫ್ರಿಕಕ್ಕೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಚನ್ನಗಿರಿಯವರೂ ಇದ್ದರು. ಆಗಲೇ ರಾಜ್ಯದ ಎಷ್ಟೋ ಜನಕ್ಕೆ ಅವರ ಊರಿನ ಹೆಸರು ತಿಳಿದದ್ದು.

ಅರಣ್ಯ ಹಕ್ಕು ಕಾಯ್ದೆ ನಮ್ಮಲ್ಲಿ ಎಲ್ಲರಿಗೂ ಒಂದೇ ತೂಕದ್ದಲ್ಲ ಅನ್ನುವುದನ್ನೂ ಹೇಳಬೇಕು. ನಾಯಕರು, ಹಕ್ಕಿಪಿಕ್ಕಿಯವರು ಪರಿಶಿಷ್ಟ ಪಂಗಡ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡನ್ನು ನಂಬಿ ಅಲ್ಲಿ ಇದ್ದರೆ ಸಾಕು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ತಾಂಡಾಗಳ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಅವರು ಇತರೆ ಪಾರಂಪರಿಕ ಅರಣ್ಯವಾಸಿಗಳಾಗಿ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ತರಬೇಕು. ಲಂಬಾಣಿಗರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ತಾಲ್ಲೂಕಿನಲ್ಲಿ ತಾಂಡಾಗಳ ಹಳೆತನಕ್ಕೆ ಕಾಗದ ಕೇಳುವುದು ವಿಪರ್ಯಾಸವೇ, ಆದರೆ ಕಾನೂನು ಹಾಗಿದೆ.

ಹಾಗಿದ್ದೂ ಒಂದು ಪುಸ್ತಕ ನಮ್ಮ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಆಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಸಮಿತಿಗೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬಹಳ ಕಾಲ ಇದು ಕಾಗದದಲ್ಲೇ ಇತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಮೇಲೆ ದೇಶದ ಉದ್ದಗಲಕ್ಕೂ ಲಗುಬಗೆಯಿಂದ ದಾಖಲಾತಿ ತಯಾರಾದವು. ಗಡುವಿಗೆ ಬರೆದದ್ದು ಹೇಗಿರುತ್ತದೆ ಎಂದು ಸರ್ಕಾರಿ ಕೆಲಸ ಕಂಡವರಿಗೆ ಗೊತ್ತು: ಹಸು, ಎಮ್ಮೆ, ಬೇವು, ಹುಣಸೆ, ಕಾಗೆ, ಗುಬ್ಬಿ. ಆದರೆ ಕಾನೂನಿನ ಪ್ರಕಾರ ಈ ಪುಸ್ತಕವನ್ನು ಊರಿನವರನ್ನು ಕೇಳಿಯೇ ಬರೆಯಬೇಕು, ಪರಿಷ್ಕರಿಸುತ್ತಲೂ ಇರಬಹುದು. ಜಗಳೂರಿನ ಹಟ್ಟಿಯೊಂದರ ಪುಸ್ತಕದಲ್ಲಿ ದೇವರ ಎತ್ತಿನ ಹಿಂಡು ಮಾಗಿ, ಬೇಸಗೆಗಳಲ್ಲಿ ಎಲ್ಲೆಲ್ಲಿ ಮೇಯುತ್ತದೆ, ಕೊಂಡುಕುರಿ ಯಾವ ಹಳ್ಳದಲ್ಲಿ ನೀರು ಕುಡಿಯುತ್ತದೆ ಎಂದು ಕಿಲಾರಿಯ ಬಾಯಿಂದ ಬರೆಸಲು, ಅಸ್ತಾಪನಹಳ್ಳಿಯಲ್ಲಿ ಹಕ್ಕಿಗಳ ಹೆಸರನ್ನು ವಾಗ್ರಿಯಲ್ಲೂ ಸೇರಿಸಲು ಬೆಂಗಳೂರಿನ ಅಪ್ಪಣೆ ಬೇಡ. ಸಮಿತಿಯ ಒಂದು ಸಭೆ, ಒಂದು ನಡಾವಳಿ ಸಾಕು. ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಮೀಸಲು ಸ್ಥಾನಗಳಿವೆ; ಮೊದಲು ಆ ಸ್ಥಾನಗಳಲ್ಲಿ ಈಗ ಯಾರಿದ್ದಾರೆ ಎಂದು ನಡಾವಳಿ ಪುಸ್ತಕ ತೆಗೆಸಿ ನೋಡಬೇಕು.